ಕೆಂಪು ರಕ್ತಕಣಗಳ ಎಣಿಕೆಯಲ್ಲಿ 10,000ದಿಂದ ಗುಣಿಸುವುದು ಏಕೆ?

ಪ್ರಶ್ನೆ (ಬಿ.ಎಸ್ಸಿ. ಪ್ರಥಮ ವರ್ಷದ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ನಾನು ಪ್ರಾಣಿಶಾಸ್ತ್ರ ಮತ್ತು ಸೂಕ್ಷ್ಮಜೀವಿಶಾಸ್ತ್ರಗಳನ್ನು ಓದುತ್ತಿದ್ದೇನೆ. ಇತ್ತೀಚೆಗೆ ನಮ್ಮ ಪ್ರಾಯೋಗಿಕ ತರಗತಿಯಲ್ಲಿ ಹೀಮೋಸೈಟೋಮೀಟರ್ (ಕಣಗಳನ್ನು ಎಣಿಸಲು ಗೆರೆಗಳ ಚೌಕಗಳಿರುವ ಗಾಜಿನ ಉಪಕರಣ) ಬಳಸಿ ಕೆಂಪು ರಕ್ತಕಣಗಳನ್ನು ಎಣಿಸುವ ಪ್ರಯೋಗ ನಡೆಯಿತು. ರಕ್ತವನ್ನು ಪಿಪೆಟ್ಟಿನ 0.5 ಗುರುತಿನವರೆಗೆ, ಅನಂತರ ರಕ್ತವನ್ನು ತೆಳುಗೊಳಿಸುವ ಹೇಯಮ್ ದ್ರಾವಣವನ್ನು 101 ಗುರುತಿನವರೆಗೆ ಎಳೆದು, ಚೆನ್ನಾಗಿ ಬೆರೆಸಿ, ಎಣಿಕೆಯ ಕೋಣೆಗೆ ಬಿಟ್ಟು, ನಡುವಿನ ದೊಡ್ಡ ಚೌಕದಲ್ಲಿರುವ ಐದು ಮಧ್ಯಮ ಚೌಕಗಳಲ್ಲಿ ಕಂಡ ಕಣಗಳನ್ನು ಎಣಿಸಿದೆವು. ನನಗೆ ಒಟ್ಟು 482 ಕಣಗಳು ದೊರೆತವು. ರೆಕಾರ್ಡ್ ಪುಸ್ತಕದಲ್ಲಿ ಕೊಟ್ಟಿರುವ ಸೂತ್ರದಂತೆ ಅದನ್ನು 10,000ದಿಂದ ಗುಣಿಸಿ, ಒಂದು ಘನ ಮಿಲಿಮೀಟರ್ ರಕ್ತದಲ್ಲಿ 48,20,000 ಕೆಂಪು ರಕ್ತಕಣಗಳಿವೆ ಎಂದು ಬರೆದಿದ್ದೇನೆ.

ಉತ್ತರ ಬಂದಿದೆ, ಆದರೆ ಅದು ಹೇಗೆ ಬಂತೆಂಬುದು ನನಗೆ ತಿಳಿದಿಲ್ಲ. ಮೊದಲನೆಯದಾಗಿ, ಈ 10,000 ಎಲ್ಲಿಂದ ಬಂತು? ಎರಡನೆಯದಾಗಿ, 0.5 ಭಾಗ ರಕ್ತವನ್ನು 101ರವರೆಗೆ ತುಂಬಿಸಿದಾಗ ಡೈಲ್ಯೂಷನ್ (ತೆಳುಗೊಳಿಸಿದ ಪ್ರಮಾಣ) 202 ಪಟ್ಟು ಆಗಬೇಕಲ್ಲವೇ, ಪುಸ್ತಕದಲ್ಲಿ 200 ಎಂದೇಕೆ ಇದೆ? ಮೂರನೆಯದಾಗಿ, ಅದೇ ರಕ್ತದ ಮಾದರಿಯಿಂದ ನನ್ನ ಪಕ್ಕದ ಗೆಳತಿಗೆ 461 ಕಣಗಳು ಸಿಕ್ಕಿವೆ. ಇಬ್ಬರಲ್ಲಿ ಯಾರೋ ಒಬ್ಬರು ತಪ್ಪು ಎಣಿಸಿದ್ದೇವೆ ಎಂದು ಭಾವಿಸಬೇಕೇ? ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಪ್ರಾಣಿಶಾಸ್ತ್ರದ ಅಧ್ಯಾಪಕರು)

ಉತ್ತರ ಸರಿಯಾಗಿ ಬಂದ ಮೇಲೆಯೂ ಅದರ ಮೂಲವನ್ನು ಕೇಳುವ ವಿದ್ಯಾರ್ಥಿಗಳು ಕಡಿಮೆ. ನಿಮ್ಮ ಪ್ರಶ್ನೆ ನನಗೆ ನಿಜಕ್ಕೂ ಸಂತೋಷ ತಂದಿದೆ.

ಎಣಿಕೆಯ ಕೋಣೆಯಲ್ಲಿ ನೀವು ನೋಡುವುದು ಗೆರೆಗಳಿಂದ ಮಾಡಿದ ಚೌಕಗಳಾದರೂ, ಎಣಿಸುತ್ತಿರುವುದು ಆ ಚೌಕಗಳ ಮೇಲೆ ನಿಂತಿರುವ ಒಂದು ನಿಶ್ಚಿತ ಗಾತ್ರದ ದ್ರವದಲ್ಲಿರುವ ಕಣಗಳನ್ನು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಸುಧಾರಿತ ನ್ಯೂಬಾವರ್ ಎಂಬ ಬಗೆಯ ಎಣಿಕೆಯ ಕೋಣೆಯಲ್ಲಿ ಒಟ್ಟು ಒಂಬತ್ತು ದೊಡ್ಡ ಚೌಕಗಳಿದ್ದು, ಪ್ರತಿಯೊಂದರ ಬದಿಯೂ 1 ಮಿ.ಮೀ. ಇರುತ್ತದೆ. ಕವರ್‌ಸ್ಲಿಪ್ ಎರಡು ಬದಿಯ ದಿಂಡುಗಳ ಮೇಲೆ ಕುಳಿತಾಗ ಅದರ ಮತ್ತು ಗೆರೆಗಳಿರುವ ತಳದ ನಡುವೆ ಉಳಿಯುವ ಆಳ 0.1 ಮಿ.ಮೀ. ನಡುವಿನ ದೊಡ್ಡ ಚೌಕವನ್ನು 25 ಮಧ್ಯಮ ಚೌಕಗಳಾಗಿಯೂ, ಪ್ರತಿಯೊಂದು ಮಧ್ಯಮ ಚೌಕವನ್ನು 16 ಸಣ್ಣ ಚೌಕಗಳಾಗಿಯೂ ವಿಭಾಗಿಸಿರುತ್ತಾರೆ.

ನೀವು ಎಣಿಸಿದ್ದು 25ರಲ್ಲಿ 5 ಮಧ್ಯಮ ಚೌಕಗಳನ್ನು. ಎಂದರೆ 1 ಚದರ ಮಿ.ಮೀ.ನ ಐದನೆಯ ಒಂದು ಭಾಗ, 0.2 ಚದರ ಮಿ.ಮೀ. ಅದನ್ನು 0.1 ಮಿ.ಮೀ. ಆಳದಿಂದ ಗುಣಿಸಿದರೆ 0.02 ಘನ ಮಿ.ಮೀ. ಆಗುತ್ತದೆ. ಒಂದು ಪೂರ್ಣ ಘನ ಮಿಲಿಮೀಟರ್‌ನಲ್ಲಿ ಇಂತಹ 50 ಭಾಗಗಳಿವೆಯಾದ್ದರಿಂದ ಮೊದಲು 50ರಿಂದ ಗುಣಿಸಬೇಕು. ಇಷ್ಟಾದಾಗ ದೊರೆಯುವುದು ಸಾರರಿಕ್ತಗೊಳಿಸಿದ (ತೆಳುಗೊಳಿಸಿದ) ದ್ರವದಲ್ಲಿರುವ ಕಣಗಳ ಸಂಖ್ಯೆ ಮಾತ್ರ. ಮೂಲ ರಕ್ತಕ್ಕೆ ಹಿಂದಿರುಗಲು ಡೈಲ್ಯೂಷನ್ ಆದ 200ರಿಂದ ಮತ್ತೆ ಗುಣಿಸಬೇಕು. 50 × 200 = 10,000. ಪುಸ್ತಕದ ಸೂತ್ರದಲ್ಲಿ ಈ ಎರಡು ಹೆಜ್ಜೆಗಳು ಒಂದೇ ಸಂಖ್ಯೆಯಾಗಿ ಕೂಡಿಕೊಂಡಿರುವುದರಿಂದ ಅದರ ಹುಟ್ಟು ಕಾಣಿಸುವುದಿಲ್ಲ.

ಇನ್ನು 101ರ ವಿಷಯ. ಕೆಂಪು ರಕ್ತಕಣಗಳ ಪಿಪೆಟ್ಟಿನಲ್ಲಿ 0.5 ಮತ್ತು 1 ಎಂಬ ಗುರುತುಗಳು ಉಬ್ಬಿನ ಕೆಳಗಿನ ಸಣ್ಣ ಕೊಳವೆಯ ಮೇಲೆ ಇವೆ, 101 ಎಂಬುದು ಉಬ್ಬಿನ ಮೇಲ್ಭಾಗದಲ್ಲಿದೆ. ಎಂದರೆ ಕೊಳವೆಯ ಗಾತ್ರ 1 ಭಾಗ, ಉಬ್ಬಿನ ಗಾತ್ರ 100 ಭಾಗ. ನೀವು ಮೊದಲು ಎಳೆದ ರಕ್ತವನ್ನು ಹಿಂದಿನಿಂದ ಬರುವ ಹೇಯಮ್ ದ್ರಾವಣ ಸಂಪೂರ್ಣವಾಗಿ ಉಬ್ಬಿನೊಳಕ್ಕೆ ತಳ್ಳುತ್ತದೆ. ಕೊನೆಯಲ್ಲಿ ಕೊಳವೆಯೊಳಗೆ ಉಳಿಯುವ 1 ಭಾಗ ರಕ್ತವಿಲ್ಲದ ಬರಿಯ ದ್ರಾವಣವಾಗಿದ್ದು, ನೀವು ಪಿಪೆಟ್ಟನ್ನು ಅಲುಗಾಡಿಸಿದಾಗ ಅದು ಬೆರೆಯುವುದಿಲ್ಲ. ಬೆರೆಯುವುದು ಉಬ್ಬಿನೊಳಗಿನ 100 ಭಾಗ ಮಾತ್ರ. ಆದ್ದರಿಂದ 0.5 ಭಾಗ ರಕ್ತ 100 ಭಾಗ ಮಿಶ್ರಣದಲ್ಲಿದೆ, ಡೈಲ್ಯೂಷನ್ 200 ಪಟ್ಟು. ಕೋಣೆಗೆ ಬಿಡುವ ಮೊದಲು ಕೆಲವು ಹನಿಗಳನ್ನು ಚೆಲ್ಲಿಬಿಡಿ ಎಂದು ನಿಮ್ಮ ಅಧ್ಯಾಪಕರು ಹೇಳಿರುತ್ತಾರೆ. ಅದರ ಕಾರಣವೂ ಇದೇ. ಆ ಹನಿಗಳನ್ನು ಚೆಲ್ಲದೆ ನೇರವಾಗಿ ಬಿಟ್ಟರೆ ಕೋಣೆಗೆ ಇಳಿಯುವುದು ಕಣಗಳೇ ಇಲ್ಲದ ದ್ರಾವಣ, ಮತ್ತು ಆಗ ಯಾವ ಸೂತ್ರವೂ ಎಣಿಕೆಯನ್ನು ಸರಿಪಡಿಸಲಾರದು.

ನಿಮ್ಮ ತಿಳಿವಳಿಕೆಯನ್ನು ನೀವೇ ಪರೀಕ್ಷಿಸಿಕೊಳ್ಳಲು ಬಿಳಿ ರಕ್ತಕಣಗಳ ಲೆಕ್ಕವನ್ನು ಪುಸ್ತಕ ನೋಡದೆ ಮಾಡಿ. ಅಲ್ಲಿ ಪಿಪೆಟ್ಟಿನ ಗುರುತುಗಳು 0.5, 1 ಮತ್ತು 11. ರಕ್ತವನ್ನು 0.5ರವರೆಗೆ ಎಳೆದರೆ 10 ಭಾಗದಲ್ಲಿ 0.5, ಎಂದರೆ 20 ಪಟ್ಟು. ಎಣಿಸುವುದು ನಾಲ್ಕು ಮೂಲೆಗಳ ದೊಡ್ಡ ಚೌಕಗಳನ್ನು, ಆದ್ದರಿಂದ ಗಾತ್ರ 0.4 ಘನ ಮಿ.ಮೀ. ಒಟ್ಟು ಎಣಿಕೆಯನ್ನು 0.4ರಿಂದ ಭಾಗಿಸಿ 20ರಿಂದ ಗುಣಿಸುವುದೆಂದರೆ 50ರಿಂದ ಗುಣಿಸಿದಂತೆ. ಕೆಂಪು ಕಣಗಳ ಲೆಕ್ಕದಲ್ಲಿಯೂ ಒಂದು 50 ಬಂದಿತ್ತು, ಆದರೆ ಅದು ಗಾತ್ರದಿಂದ ಮಾತ್ರ ಬಂದದ್ದು. ಇಲ್ಲಿನ 50ರೊಳಗೆ ಡೈಲ್ಯೂಷನ್ ಕೂಡ ಸೇರಿಹೋಗಿದೆ. ಗುಣಕವನ್ನು ಬಾಯಿಪಾಠ ಮಾಡಿದವರು ಎಡವುವುದು ಇಂತಹ ಕಡೆಯಲ್ಲಿಯೇ. ಅಲ್ಲದೆ, ಬಾಯಿಯಿಂದ ರಕ್ತ ಎಳೆಯುವ ಪದ್ಧತಿ ಸುರಕ್ಷಿತವಲ್ಲವಾದ್ದರಿಂದ ಅದನ್ನು ಬಿಟ್ಟು ಮೈಕ್ರೋಪಿಪೆಟ್ಟಿನಲ್ಲಿ 20 ಮೈಕ್ರೋಲೀಟರ್ ರಕ್ತವನ್ನು 3,980 ಮೈಕ್ರೋಲೀಟರ್ ದ್ರಾವಣಕ್ಕೆ ಬೆರೆಸುವ ಪ್ರಯೋಗಾಲಯದಲ್ಲಿ ನಿಮಗೆ 101 ಎಂಬ ಗುರುತೇ ಕಾಣಿಸುವುದಿಲ್ಲ. ಗಾತ್ರ ಮತ್ತು ಡೈಲ್ಯೂಷನ್ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಂಡರೆ ಉಪಕರಣ ಯಾವುದಾದರೂ ಲೆಕ್ಕ ತಪ್ಪುವುದಿಲ್ಲ.

ಉತ್ತರ 2 (ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಬೋಧಿಸುವವರು)

ಮೇಲಿನ ಉತ್ತರಕ್ಕೆ ನಾನು ಸೇರಿಸಬೇಕಾದದ್ದು ಏನೂ ಇಲ್ಲ. ಮೂರನೆಯ ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

482 ಮತ್ತು 461 ಬಂದಿರುವುದರಿಂದ ಯಾರೋ ತಪ್ಪಿದ್ದಾರೆ ಎಂದು ಭಾವಿಸುವ ಅಗತ್ಯವಿಲ್ಲ. ಚೆನ್ನಾಗಿ ಬೆರೆತ ದ್ರವದಲ್ಲಿ ಕಣಗಳು ಎಲ್ಲೆಂದರಲ್ಲಿ ಚದುರಿರುವುದರಿಂದ, ಒಂದೇ ಮಾದರಿಯನ್ನು ಎಷ್ಟು ಜಾಗರೂಕತೆಯಿಂದ ತುಂಬಿಸಿದರೂ ಅದೇ ಗಾತ್ರದೊಳಗೆ ಪ್ರತಿಸಲವೂ ಅಷ್ಟೇ ಕಣಗಳು ಬೀಳುವುದಿಲ್ಲ. ಈ ಏರಿಳಿತ ಎಷ್ಟಿರಬಹುದು ಎಂಬುದನ್ನು ಹೀಮೋಸೈಟೋಮೀಟರ್‌ನಲ್ಲಿಯೇ ಪರೀಕ್ಷಿಸಿ ತೋರಿಸಿದವರು ವಿಲಿಯಂ ಸೀಲಿ ಗಾಸೆಟ್. ಅವರು ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಯೀಸ್ಟ್ ಕೋಶಗಳನ್ನು ಎಣಿಸುವುದು ಉದ್ಯಮಕ್ಕೆ ಬೇಕಾದ ಕೆಲಸವಾಗಿತ್ತು. 400 ಸಣ್ಣ ಚೌಕಗಳಲ್ಲಿ ಬಿದ್ದ ಯೀಸ್ಟ್ ಕೋಶಗಳ ಹಂಚಿಕೆ, ಆಕಸ್ಮಿಕವಾಗಿ ಚದುರಿದವುಗಳ ಎಣಿಕೆಯನ್ನು ವಿವರಿಸುವ ಪ್ವಾಸೋನ್ ನಿಯಮಕ್ಕೆ ಹೊಂದುತ್ತದೆ ಎಂಬುದನ್ನು ಅವರು 1907ರಲ್ಲಿ ಬಯೋಮೆಟ್ರಿಕಾ ಪತ್ರಿಕೆಯಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಿಂದ ಪ್ರಕಟಿಸಿದರು. ಮರುವರ್ಷ ಅದೇ ಹೆಸರಿನಲ್ಲಿ ಅವರು ಪ್ರಕಟಿಸಿದ ಇನ್ನೊಂದು ಪ್ರಬಂಧದಿಂದ ಹುಟ್ಟಿದ ಸ್ಟೂಡೆಂಟ್ ಟಿ ಪರೀಕ್ಷೆಯನ್ನು ನೀವು ಮುಂದಿನ ವರ್ಷಗಳಲ್ಲಿ ಓದುವಿರಿ.

ಪ್ವಾಸೋನ್ ನಿಯಮದ ಪ್ರಕಾರ ಎಣಿಕೆಯ ಪ್ರಮಾಣಿತ ವಿಚಲನೆ (ಸರಾಸರಿಯಿಂದ ಸಾಮಾನ್ಯವಾಗಿ ಆಗುವ ಏರಿಳಿತದ ಅಳತೆ) ಸುಮಾರಾಗಿ ಎಣಿಕೆಯ ವರ್ಗಮೂಲಕ್ಕೆ ಸಮ. 482ರ ವರ್ಗಮೂಲ ಸುಮಾರು 22. ಅದು 482ರ ಶೇ. 4.6ರಷ್ಟು. ಇಬ್ಬರ ಎಣಿಕೆಗಳ ನಡುವಿನ ವ್ಯತ್ಯಾಸಕ್ಕೆ ಎರಡೂ ಎಣಿಕೆಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು: 943ರ ವರ್ಗಮೂಲ ಸುಮಾರು 31. ನಿಮ್ಮಿಬ್ಬರ ನಡುವಿನ ನಿಜವಾದ ವ್ಯತ್ಯಾಸ 21 ಮಾತ್ರ. ಇದು ಆಕಸ್ಮಿಕವಾಗಿ ಬರಬಹುದಾದ ವ್ಯತ್ಯಾಸಕ್ಕಿಂತ ಹೆಚ್ಚೇನಲ್ಲ. ಆದ್ದರಿಂದ 48,20,000 ಎಂದು ಬರೆದಾಗ ಅದರ ಮೂರನೆಯ ಅಂಕಿ ಯಾವ ಭರವಸೆಯನ್ನೂ ಕೊಡುವುದಿಲ್ಲ ಎಂಬುದು ನಿಮಗೆ ತಿಳಿದಿರಬೇಕು. ನಾನಾದರೆ 'ಸುಮಾರು 48 ಲಕ್ಷ, ಎಣಿಕೆಯ ಏರಿಳಿತದಿಂದ ಮಾತ್ರವೇ 2 ಲಕ್ಷದಷ್ಟು ಹೆಚ್ಚುಕಡಿಮೆ' ಎಂದು ಬರೆಯುತ್ತೇನೆ. ಪಿಪೆಟ್ಟಿನಿಂದಲೂ ಕೋಣೆ ತುಂಬಿಸುವುದರಿಂದಲೂ ಬರುವ ದೋಷಗಳು ಇದರ ಮೇಲೆ ಸೇರುತ್ತವೆ. ಏರಿಳಿತವನ್ನು ತಗ್ಗಿಸಬೇಕಾದರೆ ಹೆಚ್ಚು ಕಣಗಳನ್ನು ಎಣಿಸಬೇಕು. 25 ಮಧ್ಯಮ ಚೌಕಗಳನ್ನೂ ಎಣಿಸಿದರೆ ಸುಮಾರು 2,400 ಕಣಗಳು ಸಿಗುತ್ತವೆ, ವಿಚಲನೆ ಶೇ. 2ಕ್ಕೆ ಇಳಿಯುತ್ತದೆ. ಶ್ರಮ ಐದು ಪಟ್ಟು ಹೆಚ್ಚಿದರೂ ನಿಖರತೆ ಎರಡು ಪಟ್ಟಿಗಿಂತ ತುಸುವೇ ಹೆಚ್ಚುತ್ತದೆ ಎಂಬುದನ್ನು ಗಮನಿಸಿ.

ಆದರೆ ಎಷ್ಟು ಎಣಿಸಿದರೂ ತಗ್ಗದ ಇನ್ನೊಂದು ಬಗೆಯ ದೋಷವಿದೆ, ಅದರ ಬಗ್ಗೆ ನನಗೆ ಹೆಚ್ಚು ಕಾಳಜಿ. ಗೆರೆಯ ಮೇಲೆ ಕುಳಿತ ಕಣಗಳಲ್ಲಿ ಮೇಲಿನ ಮತ್ತು ಎಡದ ಗೆರೆಗಳನ್ನು ಮುಟ್ಟಿದವನ್ನು ಸೇರಿಸಬೇಕು, ಕೆಳಗಿನ ಮತ್ತು ಬಲದ ಗೆರೆಗಳನ್ನು ಮುಟ್ಟಿದವನ್ನು ಬಿಡಬೇಕು ಎಂಬ ನಿಯಮವನ್ನು ಬಹಳ ವಿದ್ಯಾರ್ಥಿಗಳು ಒಂದು ಶಿಷ್ಟಾಚಾರವೆಂದು ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡಿ. ಮಧ್ಯಮ ಚೌಕದ ಬದಿ 200 ಮೈಕ್ರೋಮೀಟರ್, ಕೆಂಪು ರಕ್ತಕಣದ ವ್ಯಾಸ ಸುಮಾರು 7.5 ಮೈಕ್ರೋಮೀಟರ್. ನಾಲ್ಕೂ ಗೆರೆಗಳನ್ನು ಮುಟ್ಟಿದ ಕಣಗಳನ್ನೆಲ್ಲ ಸೇರಿಸಿದರೆ ಚೌಕದ ಬದಿ 207.5 ಮೈಕ್ರೋಮೀಟರ್‌ಗೆ ಹಿಗ್ಗಿದಂತೆ ಆಗುತ್ತದೆ, ವಿಸ್ತೀರ್ಣ ಶೇ. 7.6ರಷ್ಟು ಹೆಚ್ಚುತ್ತದೆ. ನಿಮ್ಮ ಎಣಿಕೆಯ ಸಹಜ ಏರಿಳಿತ ಶೇ. 4.6 ಇರುವಾಗ ಈ ಒಂದು ಅಜಾಗರೂಕತೆಯೇ ಅದಕ್ಕಿಂತ ದೊಡ್ಡ ದೋಷವನ್ನು ತರುತ್ತದೆ, ಅದೂ ಯಾವಾಗಲೂ ಒಂದೇ ದಿಕ್ಕಿನಲ್ಲಿ. ನಿಮ್ಮ ಗೆಳತಿ ಈ ನಿಯಮವನ್ನು ಪಾಲಿಸಿದ್ದಾರೆಯೇ ಎಂದು ಕೇಳಿ, ನೀವೂ ಪಾಲಿಸಿದ್ದೀರಾ ಎಂದು ನೆನಪಿಸಿಕೊಳ್ಳಿ. ನ್ಯೂಬಾವರ್ ಕೋಣೆಯಲ್ಲಿ ಮಧ್ಯಮ ಚೌಕಗಳ ನಡುವೆ ಮೂರು ಗೆರೆಗಳಿದ್ದು, ಅವುಗಳಲ್ಲಿ ನಡುವಿನ ಗೆರೆಯೇ ಗಡಿ.

ಪ್ರಶ್ನೆ ಕೇಳಿದವರು

ಇಬ್ಬರು ಗುರುಗಳಿಗೂ ಹೃತ್ಪೂರ್ವಕ ವಂದನೆಗಳು. ನನ್ನ ಗೆಳತಿಯೂ ನಾನೂ ಕೂಡಿ ಬಿಳಿ ರಕ್ತಕಣಗಳ ಲೆಕ್ಕವನ್ನು ಪುಸ್ತಕವಿಲ್ಲದೆ ಮಾಡಿದೆವು, ಈಗ ಸ್ಪಷ್ಟವಾಗಿದೆ. ಆದರೆ ಇದರಿಂದಲೇ ಇನ್ನೊಂದು ಸಂದೇಹ ಹುಟ್ಟಿದೆ. ಸೂಕ್ಷ್ಮಜೀವಿಶಾಸ್ತ್ರದ ತರಗತಿಯಲ್ಲಿ ಇದೇ ಕೋಣೆಯಲ್ಲಿ ಯೀಸ್ಟ್ ಎಣಿಸಿದಾಗಲೂ 10⁴ರಿಂದ ಗುಣಿಸಲು ಹೇಳಿದ್ದಾರೆ. ಆದರೆ ಅಲ್ಲಿ ಡೈಲ್ಯೂಷನ್ 10 ಪಟ್ಟು ಮಾತ್ರ ಇತ್ತು. ಗುಣಕ ಮಾತ್ರ ಅದೇ 10,000 ಆಗಿರುವುದು ಹೇಗೆ? ಹಾಗೆಯೇ ಸರಣಿ ಡೈಲ್ಯೂಷನ್ (ಹೆಜ್ಜೆಹೆಜ್ಜೆಯಾಗಿ ಮತ್ತೆ ಮತ್ತೆ ತೆಳುಗೊಳಿಸುವುದು) ಮಾಡುವಾಗ 1:10 ಎಂದರೆ 1 ಮಿ.ಲೀ. ಮಾದರಿಗೆ 9 ಮಿ.ಲೀ. ನೀರೋ ಅಥವಾ 10 ಮಿ.ಲೀ. ನೀರೋ ಎಂಬುದರಲ್ಲಿ ನಮ್ಮ ತಂಡದಲ್ಲಿಯೇ ಭಿನ್ನಾಭಿಪ್ರಾಯವಿದೆ.

ಉತ್ತರ 3 (ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು)

ಎರಡೂ 10,000ಗಳು ಒಂದೇ ಆಗಿರುವುದು ಕೇವಲ ಕಾಕತಾಳೀಯ. ಯೀಸ್ಟ್ ಎಣಿಕೆಯಲ್ಲಿ ನೀವು ತೆಗೆದುಕೊಳ್ಳುವುದು ಒಂದು ದೊಡ್ಡ ಚೌಕದ ಸರಾಸರಿ ಎಣಿಕೆಯನ್ನು. ಆ ಚೌಕದ ಮೇಲಿನ ಗಾತ್ರ 0.1 ಘನ ಮಿ.ಮೀ. 1 ಮಿಲಿಲೀಟರ್‌ನಲ್ಲಿ 1,000 ಘನ ಮಿ.ಮೀ. ಇರುವುದರಿಂದ ಆ ಗಾತ್ರ ಮಿಲಿಲೀಟರಿನ ಹತ್ತು ಸಾವಿರದ ಒಂದು ಭಾಗ. ಆದ್ದರಿಂದ ಇಲ್ಲಿನ 10⁴ ಪೂರ್ತಿಯಾಗಿ ಗಾತ್ರದಿಂದಲೇ ಬಂದದ್ದು, ಡೈಲ್ಯೂಷನ್ ಇದರಲ್ಲಿ ಸೇರಿಲ್ಲ, ಉತ್ತರವೂ ಪ್ರತಿ ಮಿಲಿಲೀಟರ್‌ಗೆ ಬರುತ್ತದೆ. ರಕ್ತದ ಲೆಕ್ಕದಲ್ಲಿ ಡೈಲ್ಯೂಷನ್ ಸೇರಿದೆ, ಉತ್ತರ ಪ್ರತಿ ಘನ ಮಿಲಿಮೀಟರ್‌ಗೆ ಬರುತ್ತದೆ. ನಾಲ್ಕು ದೊಡ್ಡ ಚೌಕಗಳಲ್ಲಿ ಒಟ್ಟು 172 ಯೀಸ್ಟ್ ಕೋಶಗಳು ಕಂಡವು ಎಂದುಕೊಳ್ಳಿ. ಸರಾಸರಿ 43. ಅದನ್ನು ಡೈಲ್ಯೂಷನ್ ಆದ 10ರಿಂದ, ಮತ್ತೆ 10⁴ರಿಂದ ಗುಣಿಸಿದರೆ ಪ್ರತಿ ಮಿಲಿಲೀಟರ್‌ಗೆ 43 ಲಕ್ಷ ಕೋಶಗಳು. ರಕ್ತದ ಸೂತ್ರದ ನೆನಪಿನಲ್ಲಿ ಡೈಲ್ಯೂಷನ್ ಈಗಾಗಲೇ ಸೇರಿದೆ ಎಂದು ಭಾವಿಸಿದರೆ 4.3 ಲಕ್ಷ ಎಂಬ ಹತ್ತು ಪಟ್ಟು ಕಡಿಮೆ ಉತ್ತರ ಬರುತ್ತದೆ, ಮತ್ತು ಅದು ನೋಡಲು ಅಸಂಭವವಾಗಿಯೇನೂ ಕಾಣುವುದಿಲ್ಲ. ಪ್ರತಿಯೊಂದು ಸಾಲಿನಲ್ಲಿಯೂ ಏಕಮಾನವನ್ನು ಬರೆಯದಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

1:10ರ ವಿಷಯದಲ್ಲಿ ನಿಮ್ಮ ತಂಡದ ಭಿನ್ನಾಭಿಪ್ರಾಯಕ್ಕೆ ಕಾರಣವಿದೆ, ಏಕೆಂದರೆ ಆ ಚಿಹ್ನೆಯನ್ನು ಎರಡು ರೀತಿಯಲ್ಲಿಯೂ ಬಳಸುವವರಿದ್ದಾರೆ. ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಅದರ ಅರ್ಥ ಒಟ್ಟು 10 ಭಾಗದಲ್ಲಿ 1 ಭಾಗ, ಎಂದರೆ 1 ಮಿ.ಲೀ. ಮಾದರಿಗೆ 9 ಮಿ.ಲೀ. ದ್ರಾವಣ. ಮೇಲೆ ಹೇಳಿದ ರಕ್ತದ 200 ಪಟ್ಟು ಡೈಲ್ಯೂಷನ್ ಕೂಡ ಇದೇ ಅರ್ಥದ್ದು. ಸಂದೇಹಕ್ಕೆ ಎಡೆಯಿರಬಾರದೆಂದು ನಾನು ಯಾವಾಗಲೂ '1 + 9' ಎಂದೇ ಬರೆಯಲು ಹೇಳುತ್ತೇನೆ.

ಒಂದು ಹೆಜ್ಜೆಯಲ್ಲಿ ಈ ವ್ಯತ್ಯಾಸ ಶೇ. 10 ಮಾತ್ರ. ಆದರೆ ಸರಣಿಯಲ್ಲಿ ಅದು ಪ್ರತಿ ಹೆಜ್ಜೆಯಲ್ಲೂ ಗುಣಿತವಾಗುತ್ತದೆ. 10⁻⁵ ತಲುಪಲು ಐದು ನಳಿಕೆಗಳಲ್ಲಿ 9ರ ಬದಲು 10 ಮಿ.ಲೀ. ನೀರು ತುಂಬಿಸಿದ್ದರೆ ನಿಜವಾದ ಡೈಲ್ಯೂಷನ್ 1,00,000 ಪಟ್ಟು ಆಗಿರದೆ 11ರ ಐದನೆಯ ಘಾತ, ಎಂದರೆ 1,61,051 ಪಟ್ಟು ಆಗಿರುತ್ತದೆ. ಆ ನಳಿಕೆಯಿಂದ 0.1 ಮಿ.ಲೀ. ತೆಗೆದು ಪೆಟ್ರಿ ತಟ್ಟೆಯ ಮೇಲೆ ಹರಡಿದಾಗ 84 ಕಾಲೊನಿಗಳು (ಬರಿಗಣ್ಣಿಗೆ ಕಾಣುವ ಸೂಕ್ಷ್ಮಜೀವಿಗಳ ಗುಂಪುಗಳು) ಬೆಳೆದವು ಎನ್ನೋಣ. ಕಾಲೊನಿಗಳ ಸಂಖ್ಯೆಯನ್ನು ಡೈಲ್ಯೂಷನ್ನಿನಿಂದಲೂ ಹರಡಿದ ಗಾತ್ರದಿಂದಲೂ ಭಾಗಿಸಬೇಕು: 84 ÷ (10⁻⁵ × 0.1) = 8.4 × 10⁷, ಪ್ರತಿ ಮಿಲಿಲೀಟರ್‌ಗೆ 8.4 ಕೋಟಿ ಕಾಲೊನಿ ಹುಟ್ಟಿಸುವ ಘಟಕಗಳು. ನೀರು 10 ಮಿ.ಲೀ. ಇದ್ದಿದ್ದರೆ ನಿಜವಾದ ಉತ್ತರ ಸುಮಾರು 13.5 ಕೋಟಿ. ಹರಡಿದ ಗಾತ್ರವಾದ 0.1ನ್ನು ಲೆಕ್ಕಕ್ಕೆ ಸೇರಿಸುವುದನ್ನು ಮರೆಯುವುದು ವಿದ್ಯಾರ್ಥಿಗಳಲ್ಲಿ ನಾನು ಅತಿ ಹೆಚ್ಚಾಗಿ ಕಾಣುವ ತಪ್ಪು. ಅದರಿಂದ ಉತ್ತರ ನೇರವಾಗಿ ಹತ್ತು ಪಟ್ಟು ತಗ್ಗುತ್ತದೆ.

ನಿಮ್ಮ ಸರಣಿ ಸರಿಯಾಗಿದೆಯೇ ಎಂದು ತಿಳಿಯಲು ಮುಂದಿನ ತಟ್ಟೆಯನ್ನು ನೋಡಿ. 10⁻⁵ರ ತಟ್ಟೆಯಲ್ಲಿ 84 ಇದ್ದರೆ 10⁻⁶ರ ತಟ್ಟೆಯಲ್ಲಿ 8ರ ಆಸುಪಾಸು ಇರಬೇಕು. ಅಲ್ಲಿ 30 ಕಂಡರೆ ನಳಿಕೆಯನ್ನು ಸರಿಯಾಗಿ ಬೆರೆಸಿಲ್ಲ ಅಥವಾ ಪಿಪೆಟ್ಟಿನ ತುದಿಯನ್ನು ಬದಲಾಯಿಸದೆ ಹಿಂದಿನ ನಳಿಕೆಯ ದ್ರವವನ್ನು ಮುಂದಕ್ಕೆ ಒಯ್ದಿದ್ದೀರಿ ಎಂದು ಸಂಶಯಿಸಬೇಕು. ಆದರೆ 8 ಎಂಬ ಎಣಿಕೆಯಿಂದ ಅಂತಿಮ ಉತ್ತರವನ್ನು ಲೆಕ್ಕ ಹಾಕಬೇಡಿ. 30ರಿಂದ 300ರವರೆಗೆ ಕಾಲೊನಿಗಳಿರುವ ತಟ್ಟೆಯನ್ನೇ ಆರಿಸಬೇಕೆಂಬ ರೂಢಿಗೆ, ಉತ್ತರ 2ರಲ್ಲಿ ಹೇಳಿದ ವರ್ಗಮೂಲದ ನಿಯಮವೇ ಕೆಳಗಿನ ಮಿತಿಯನ್ನು ಒದಗಿಸುತ್ತದೆ: 30 ಕಾಲೊನಿಗಳಲ್ಲಿ ಏರಿಳಿತ ಶೇ. 18, 8 ಕಾಲೊನಿಗಳಲ್ಲಿ ಶೇ. 35. ಮೇಲಿನ ಮಿತಿಯ ಕಾರಣ ಬೇರೆ. 300ಕ್ಕಿಂತ ಹೆಚ್ಚಾದಾಗ ಕಾಲೊನಿಗಳು ಒಂದಕ್ಕೊಂದು ಸೇರಿಹೋಗುತ್ತವೆ ಮತ್ತು ಪೋಷಕಾಂಶಕ್ಕಾಗಿ ಪೈಪೋಟಿ ನಡೆಸಿ ಕೆಲವು ಬೆಳೆಯದೇ ಉಳಿಯುತ್ತವೆ.

ಅದೇ ಯೀಸ್ಟ್ ಮಾದರಿಯನ್ನು ಕೋಣೆಯಲ್ಲಿಯೂ ತಟ್ಟೆಯಲ್ಲಿಯೂ ಎಣಿಸಿದರೆ ಎರಡು ಉತ್ತರಗಳು ಹೊಂದಬೇಕೆಂದು ನಿರೀಕ್ಷಿಸಬೇಡಿ. ಸೂಕ್ಷ್ಮದರ್ಶಕದಡಿ ಸತ್ತ ಕೋಶವೂ ಎಣಿಕೆಗೆ ಸೇರುತ್ತದೆ. ತಟ್ಟೆಯಲ್ಲಿ ಬದುಕಿದ್ದು ಬೆಳೆದದ್ದು ಮಾತ್ರ ಕಾಣುತ್ತದೆ, ಅಂಟಿಕೊಂಡಿದ್ದ ಎರಡು ಮೂರು ಕೋಶಗಳೂ ಒಂದೇ ಕಾಲೊನಿಯಾಗುತ್ತವೆ. ಫಲಿತಾಂಶವನ್ನು 'ಕೋಶಗಳು' ಎಂದು ಬರೆಯದೆ 'ಕಾಲೊನಿ ಹುಟ್ಟಿಸುವ ಘಟಕಗಳು' ಎಂದು ಬರೆಯುವುದು ಈ ಕಾರಣಕ್ಕೆ.

ಉತ್ತರ 4 (ಕಾಲೇಜಿನ ಪ್ರಯೋಗಾಲಯದಲ್ಲಿ ದ್ರಾವಣಗಳನ್ನು ಸಿದ್ಧಪಡಿಸುವವರು)

ಎಣಿಕೆಯ ಲೆಕ್ಕವನ್ನು ಹಿರಿಯರು ಚೆನ್ನಾಗಿ ವಿವರಿಸಿದ್ದಾರೆ. ಅದಕ್ಕೂ ಮೊದಲು ನಡೆಯುವ ಒಂದು ಲೆಕ್ಕವನ್ನು ಸೇರಿಸಲು ಬಯಸುತ್ತೇನೆ, ಏಕೆಂದರೆ ಅಲ್ಲಿ ತಪ್ಪಾದರೆ ತರಗತಿಯ ಎಲ್ಲರ ಎಣಿಕೆಯೂ ಒಟ್ಟಿಗೆ ಕೆಡುತ್ತದೆ.

ಹೇಯಮ್ ದ್ರಾವಣದಲ್ಲಿ ಸೋಡಿಯಂ ಕ್ಲೋರೈಡ್ ಮತ್ತು ಮರ್ಕ್ಯೂರಿಕ್ ಕ್ಲೋರೈಡ್‌ಗಳ ಜೊತೆಗೆ ಸೋಡಿಯಂ ಸಲ್ಫೇಟ್ ಇರುತ್ತದೆ. ಈ ಸೋಡಿಯಂ ಸಲ್ಫೇಟ್ ಅಂಗಡಿಯಲ್ಲಿ ಎರಡು ರೂಪದಲ್ಲಿ ಸಿಗುತ್ತದೆ. ನಿರ್ಜಲ (ನೀರಿಲ್ಲದ) ರೂಪದ ಮೋಲಾರ್ ರಾಶಿ (ಒಂದು ಮೋಲ್‌ನ ತೂಕ) 142 ಗ್ರಾಂ, ಹತ್ತು ನೀರಿನ ಅಣುಗಳನ್ನು ಹೊತ್ತ ಹರಳುಗಳ ಮೋಲಾರ್ ರಾಶಿ 322 ಗ್ರಾಂ. ಎಂದರೆ 1 ಗ್ರಾಂ ನಿರ್ಜಲ ಲವಣಕ್ಕೆ ಸಮನಾಗಿ 2.27 ಗ್ರಾಂ ಹರಳುಗಳನ್ನು ತೂಗಬೇಕು. ಬಳಸುವ ಕೈಪಿಡಿ ನಿರ್ಜಲ ರೂಪಕ್ಕೆ ತೂಕ ಕೊಟ್ಟಿದ್ದು, ನೀವು ಅಷ್ಟೇ ತೂಕದ ಹರಳುಗಳನ್ನು ಹಾಕಿದರೆ, ದ್ರಾವಣದಲ್ಲಿ ಆ ಲವಣ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಲವಣ ಬಹಳ ಕಡಿಮೆಯಾದ ದ್ರಾವಣದಲ್ಲಿ ನೀರು ಕಣಗಳೊಳಕ್ಕೆ ನುಗ್ಗಿ ಅವು ಉಬ್ಬುತ್ತವೆ, ಕೆಲವು ಒಡೆಯುತ್ತವೆ. ಒಡೆದ ಕಣ ಚೌಕದಲ್ಲಿ ಕಾಣುವುದಿಲ್ಲ. ಕೈಪಿಡಿಯಲ್ಲಿ ಯಾವ ರೂಪವೆಂದು ನಮೂದಿಸಿದೆ, ಬಾಟಲಿಯ ಚೀಟಿಯ ಮೇಲೆ ಯಾವ ಮೋಲಾರ್ ರಾಶಿ ಅಚ್ಚಾಗಿದೆ ಎಂಬ ಎರಡನ್ನೂ ನೋಡಿ, ಬಳಸಿದ ರೂಪವನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯಿರಿ. ಶೇಕಡಾ ಲೆಕ್ಕದಲ್ಲಿಯೂ ಒಂದು ಎಚ್ಚರ ಬೇಕು: ಶೇ. 0.9 ಉಪ್ಪಿನ ದ್ರಾವಣವೆಂದರೆ 0.9 ಗ್ರಾಂ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಒಟ್ಟು 100 ಮಿ.ಲೀ.ಗೆ ತರುವುದು. ಪ್ರತಿ ಲೀಟರ್‌ಗೆ 9 ಗ್ರಾಂ, ಮೋಲಾರ್ ರಾಶಿ 58.44ರಿಂದ ಭಾಗಿಸಿದರೆ 0.154 ಮೋಲಾರ್.

ಕೊನೆಯದಾಗಿ, ಹೇಯಮ್ ದ್ರಾವಣದಲ್ಲಿರುವ ಮರ್ಕ್ಯೂರಿಕ್ ಕ್ಲೋರೈಡ್ ಪಾದರಸದ ವಿಷಕಾರಿ ಲವಣ. ಅದನ್ನು ಬಾಯಿಯಿಂದ ಎಳೆಯಬಾರದು, ಪ್ರಯೋಗ ಮುಗಿದ ಮೇಲೆ ಸಿಂಕಿಗೆ ಚೆಲ್ಲಬಾರದು. ಪಿಪೆಟ್ಟಿನಿಂದ ಚೆಲ್ಲುವ ಆ ಮೊದಲ ಹನಿಗಳನ್ನೂ ತ್ಯಾಜ್ಯಕ್ಕೆಂದು ಇಟ್ಟ ಪ್ರತ್ಯೇಕ ಬಾಟಲಿಗೇ ಹಾಕಿ.